ದಾರೂಬಂದಿ ಕಚೇರಿಯಲ್ಲಿ ಬೀರವ್ವನ ಬರಣಿ

ಮುಂಬಯಿ ರಾಜ್ಯದಲ್ಲಿ ಪಾನನಿರೋಧ ಜಾರಿಗೆ ಬಂದಿತ್ತು; ಆದ್ದರಿಂದ ೧೯೫೪ನೆಯ ಇಸವಿಯಲ್ಲಿ ಅಕ್ಕಲಕೋಟ ತಾಲೂಕಿನಲ್ಲಿ ಕುಡುಕರು ಇರಲಿಲ್ಲ. ಸಂಜೆಯಾದ ಮೇಲೆ ಗಟಾರದ ಪಕ್ಕ ಮಲಗುವವರು ಕೆಲವರು ಇದ್ದರು. ಅವರನ್ನು ‘ದಣಿದವರು’ ಎಂದು ದಾಖಲಿಸಲಾಗಿತ್ತು.

ಕುಡುಕರಿಲ್ಲದಿದ್ದರೂ ಅವರನ್ನು ಹಿಡಿಯಲು ಒಂದು ಕಚೇರಿ ಇತ್ತು. ಜನ ಅದನ್ನು ದಾರೂಬಂದಿ ಕಚೇರಿ ಎನ್ನುತ್ತಿದ್ದರು. ಅಲ್ಲಿ ಇನ್‌ಸ್ಪೆಕ್ಟರ್ ಚನ್ನವೀರಪ್ಪನವರು, ಕಾರಕೂನ ಸಿದ್ದರಾಮಪ್ಪನವರು ಮತ್ತು ಒಂದು ಕಪಾಟು ಇದ್ದರು. ಕಪಾಟಿನ ಮೇಲೆ ‘ಪುರಾವೆ’ ಎಂದು ಬರೆದಿತ್ತು, ಒಳಗೆ ಸಿದ್ದರಾಮಪ್ಪನವರ ಕೊಡೆ ಇತ್ತು. ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು: ‘ಅಪರಾಧಗಳನ್ನು ಪೂರ್ತಿ ನಿಲ್ಲಿಸಿರುವ ಕಚೇರಿಗಳನ್ನು ಅಭಿನಂದಿಸಿ ಮುಚ್ಚಲಾಗುವುದು. ಅಪರಾಧಗಳು ಹೆಚ್ಚಿರುವ ಕಚೇರಿಗಳಿಗೆ ಎಚ್ಚರಿಕೆ ಕೊಟ್ಟು ಸಿಬ್ಬಂದಿಯನ್ನು ಹೆಚ್ಚಿಸಲಾಗುವುದು.’ ಇದನ್ನು ಓದಿದ ಚನ್ನವೀರಪ್ಪನವರಿಗೆ ಅನ್ನ ಸೇರಲಿಲ್ಲ. ಅಕ್ಕಲಕೋಟದವರಾದ ನಮಗೂ ಬೇಸರವಾಯಿತು. ಇರುವುದೇ ನಾಲ್ಕು ಕಚೇರಿ, ಅದರಲ್ಲಿ ಒಂದು ಹೋದರೆ ಊರಿಗೆ ಏನು ಶೋಭೆ?

ಇದೇ ಹೊತ್ತಿಗೆ ಸೊಲ್ಲಾಪುರದ ಪೇಟೆಯಲ್ಲಿ ರಾಚಪ್ಪನವರ ಗೋದಾಮಿನಲ್ಲಿ ಒಣದ್ರಾಕ್ಷಿ ಉಳಿದುಬಿಟ್ಟಿತು. ರಾಚಪ್ಪನವರು ದೇವರ ಪೂಜೆ ಮುಗಿಯದೆ ಅಂಗಡಿಯ ಬೀಗ ಮುಟ್ಟದ ಮನುಷ್ಯ. ಮದ್ಯದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುತ್ತಿದ್ದರು. ಅವರು ಒಂದು ತಗಡಿನ ಡಬ್ಬಿಯಲ್ಲಿ ದ್ರಾಕ್ಷಿ, ಪಾವ್ ಹುಬ್ಬಿಸುವ ಪುಡಿಯ ಪೊಟ್ಟಣ, ಸೋಸುವ ಬಟ್ಟೆಯ ತುಂಡು, ಇಷ್ಟನ್ನು ತುಂಬಿ ‘ದ್ರಾಕ್ಷಿ ಪೇಟಿ’ ಎಂದು ಹೆಸರಿಟ್ಟರು. ಕಾಯಿದೆಯ ಮೇಲಿನ ಗೌರವದಿಂದ ಒಳಗೆ ಒಂದು ಅಚ್ಚು ಹಾಕಿಸಿದ ಚೀಟಿಯನ್ನೂ ಇಟ್ಟರು.

‘ಎಚ್ಚರಿಕೆ! ಈ ದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಕಿವುಚಿ, ಬೆಲ್ಲ ಕೂಡಿಸಿ, ಆರಿದ ಮೇಲೆ ಪೊಟ್ಟಣದ ಪುಡಿ ಉದುರಿಸಿ, ಬರಣಿಯ ಬಾಯಿಗೆ ಬಟ್ಟೆ ಕಟ್ಟಿ, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಕತ್ತಲ ಮೂಲೆಯಲ್ಲಿ ಇಡಬಾರದು. ಇಟ್ಟರೆ ಉತ್ತಮ ದರ್ಜೆಯ ವೈನ್ ಆಗುವ ಅಪಾಯವಿದೆ. ಆಮೇಲೆ ಅದನ್ನು ತಣ್ಣಗೆ ಮಾಡಿ ಸ್ವಲ್ಪಸ್ವಲ್ಪವೇ ಕುಡಿಯುವುದು ಇನ್ನೂ ದೊಡ್ಡ ಅಪರಾಧ.’

ಏನು ಮಾಡಬಾರದು ಎಂದು ತಿಳಿದುಕೊಳ್ಳಲು ಸೊಲ್ಲಾಪುರದ ಜನ ಅಂಗಡಿಗೆ ಮುಗಿಬಿದ್ದರು. ಕೆಲವರು ಸರಿಯಾಗಿ ತಿಳಿಯಲಿಲ್ಲವೆಂದು ಎರಡನೆಯ ಪೇಟಿಯನ್ನೂ ಒಯ್ದರು.

ಕುರನೂರಿನ ಕಾಮಣ್ಣ ಕುರಿಯ ಉಣ್ಣೆ ಮಾರಲು ಪೇಟೆಗೆ ಬಂದಿದ್ದವನು ಡಬ್ಬಿಯ ಮೇಲಿನ ದ್ರಾಕ್ಷಿಗೊಂಚಲಿನ ಚಿತ್ರ ನೋಡಿ ನಿಂತ.

“ಏನರಿ ಸಾವ್ಕಾರ್ರ ಇದು?”

“ದ್ರಾಕ್ಷಿ ಪೇಟಿ. ಮಾಡಬಾರದ್ದೆಲ್ಲಾ ಒಳಗ ಬರದದ. ತಗೊಂಡ್ ಹೋಗು, ಒಂದ್ ಚಾದರಕ್ಕಿಂತ ಸೋವಿ ಅದ.”

“ಮಾಡಬಾರದ್ದು ಯಾಕ ಮಾರ್ತೀರಿ?”

“ಗೊತ್ತಿಲ್ಲದ ಮಾಡಿದರ ಪಾಪ ಅಲ್ಲೇನೋ ಹುಚ್ಚಾ? ಗೊತ್ತಿರಬೇಕು.”

ಕಾಮಣ್ಣನಿಗೆ ಇದು ನ್ಯಾಯವೆನಿಸಿತು. ಎಸ್.ಟಿ. ಬಸ್ಸಿನಲ್ಲಿ ಪಕ್ಕದವರಿಂದ ಚೀಟಿ ಓದಿಸಿಕೊಂಡು, ಮನೆಗೆ ಬಂದು ಹೆಂಡತಿ ಬೀರವ್ವನಿಗೆ ಎಲ್ಲವನ್ನೂ ಹೇಳಿದ. ಬೀರವ್ವ ಕೇಳಿ, “ಇಷ್ಟ್ ಚೊಲೋ ತಿಳಿಸಿ ಬರದಾರ. ಮಾಡಲಿಲ್ಲಂದ್ರ ಬರದವ್ರಿಗೆ ಬ್ಯಾಸರ ಆಗತದ” ಎಂದಳು.

ಮಾಡುವುದಕ್ಕೆ ಅವಳ ಬಳಿ ಒಂದೇ ಪಾತ್ರೆ ಇತ್ತು. ಅದೇ ಬರಣಿ. ಕಂದು ಕೊರಳಿನ, ಬಿಳಿ ಹೊಟ್ಟೆಯ ಚೀನೀ ಬರಣಿ. ಮದುವೆಯಲ್ಲಿ ತಡವಳದ ತವರಿನಿಂದ ಅವ್ವ ಮಡಿಲಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ತಂದುಕೊಟ್ಟದ್ದು. ಅವ್ವ ತೀರಿಹೋಗಿದ್ದಳು, ಬರಣಿ ಉಳಿದಿತ್ತು. ಪ್ರತಿ ವರ್ಷ ಬೇಸಗೆಯಲ್ಲಿ ಬೋರಿ ನದಿಯ ದಂಡೆಯ ಮಾವಿನಕಾಯಿ ಅದರೊಳಗೆ ಉಪ್ಪಿನಕಾಯಿಯಾಗಿ, ವರ್ಷವಿಡೀ ಜೋಳದ ರೊಟ್ಟಿಗೆ ಜೊತೆಯಾಗುತ್ತಿತ್ತು. ಆಗ ಮಾಘ ಮಾಸ, ಬರಣಿ ಖಾಲಿಯಾಗಿತ್ತು. ತೊಳೆದು ದ್ರಾಕ್ಷಿಗೆ ಕೊಟ್ಟಳು.

ಕುರಿ ಸಾಕುವ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಏನೇ ಮನೆಗೆ ಬರಲಿ, ಕುರಿಮರಿ, ಸೊಸೆ, ಕಂದೀಲು, ಅದರ ಮೇಲೆ ಕುಲದೇವರು ಬೀರೋಬಾನ ಭಂಡಾರ ಬೀಳಬೇಕು. ಭಂಡಾರವೆಂದರೆ ಅರಿಷಿಣದ ಪುಡಿ. ಬೀರವ್ವ “ಬೀರೋಬಾನ ಹೆಸರಲೆ ಚಾಂಗಭಲೋ” ಎಂದು ಒಂದು ಹಿಡಿ ಭಂಡಾರ ತೆಗೆದು, ಮೇಲೆ ಚೆಲ್ಲಿದರೆ ಗಾಳಿಗೆ ಹೋದೀತೆಂದು ನೇರ ಬರಣಿಯೊಳಗೇ ಹಾಕಿದಳು. ಅಲ್ಲಿಗೆ ಪಾವ್ ಹುಬ್ಬಿಸುವ ಪುಡಿ ಸತ್ತಿತು. ದೇವರ ಮುಂದೆ ಹುಬ್ಬಿದವರು ಯಾರಿದ್ದಾರೆ? ಅಮಾವಾಸ್ಯೆ ಕಳೆದು ಬಟ್ಟೆ ಬಿಚ್ಚಿದಾಗ ಬರಣಿಯಲ್ಲಿ ಸಿಹಿಯಾದ ಹಳದಿ ನೀರು ಇತ್ತು.

ಮರುದಿನ ಚನ್ನವೀರಪ್ಪನವರು ಅಪರಾಧ ಹುಡುಕುತ್ತಾ ಕುರನೂರಿಗೆ ಬಂದರು. ಬಿಸಿಲಿಗೆ ಬಾಯಾರಿ ಬೀರವ್ವನ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು. ಸರ್ಕಾರದವರಿಗೆ ಬರಿ ನೀರು ಹೇಗೆ ಕೊಡುವುದೆಂದು ಅವಳು ಬರಣಿಯಿಂದ ಒಂದು ತಂಬಿಗೆ ಕೊಟ್ಟಳು. ಅವರು ಕುಡಿದರು. ಇನ್ನೊಂದು ಕೇಳಿ ಕುಡಿದರು. ಆಮೇಲೆ ಮೂಲೆಯಲ್ಲಿ ತಗಡಿನ ಡಬ್ಬಿ ಕಂಡಿತು.

“ಬಾಯೀ, ಇದು ವೈನ್ ಅದ” ಎಂದರು ಮೀಸೆ ಒರೆಸಿಕೊಂಡು.

“ಅಲ್ರಿ ಸಾಹೇಬ್ರ, ಪಾನಕ ಅದ. ನೀವ ಕುಡದೀರಲ್ಲ, ತಲಿ ತಿರಗೇತೇನು?”

“ನಾ ಕುಡದಿದ್ದು ತಪಾಸಣಿ. ತಪಾಸಣಿ ಮಾಡೋವಾಗ ಸರ್ಕಾರದ ತಲಿ ತಿರಗಂಗಿಲ್ಲ.”

ಕಾಮಣ್ಣ ಕುರಿ ಹೊಡೆದುಕೊಂಡು ದೂರದ ಮೇವಿಗೆ ಹೋಗಿದ್ದ, ಮಳೆಗಾಲದವರೆಗೆ ಮರಳುವವನಲ್ಲ. ಬರಣಿಗೆ ಅರಗು ಬಿತ್ತು, ಮುದ್ರೆ ಬಿತ್ತು. ಸಾಹೇಬರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ತಂದರು. ಹಿಂದೆ ಒಮ್ಮೆ ಒಬ್ಬ ತಾಯಿ ಅದನ್ನು ತಂದದ್ದೂ ಹಾಗೆಯೇ. ಕಪಾಟಿನಿಂದ ಕೊಡೆ ಹೊರಬಂತು, ಬರಣಿ ಒಳಗೆ ಕುಳಿತಿತು. ಕಚೇರಿ ಉಳಿಯಿತೆಂದು ನಾವು ಪೇಢೆ ಹಂಚಿದೆವು.

ಮುದ್ರೆ ಒಡೆದು ತೆಗೆದ ಒಂದು ಸೀಸೆ ಮಾದರಿ ಸರ್ಕಾರಿ ಪ್ರಯೋಗಶಾಲೆಗೆ ಹೋಯಿತು. ಉತ್ತರ ಬಂತು: ‘ಮಾದರಿಯಲ್ಲಿ ಮದ್ಯ ಇಲ್ಲ. ಅರಿಷಿಣ ಇದೆ. ಕೆಮ್ಮಿಗೆ ಒಳ್ಳೆಯದು.’

ಈಗ ಇಕ್ಕಟ್ಟು ಹುಟ್ಟಿತು. ಮದ್ಯವಲ್ಲದಿದ್ದರೆ ಜಪ್ತಿ ಮಾಡಿದ್ದು ತಪ್ಪು. ಸರ್ಕಾರ ತಪ್ಪು ಮಾಡುವುದಿಲ್ಲ. ಆದ್ದರಿಂದ ಅದು ಮದ್ಯವೇ. ಆಗುವುದು ಮಾತ್ರ ತಡವಾಗಿದೆ. ಚನ್ನವೀರಪ್ಪನವರು ಆದೇಶ ಬರೆಸಿದರು: ‘ಸದರಿ ದ್ರವವು ಮದ್ಯವಾಗುವವರೆಗೆ ಸದರಿ ಬರಣಿಯನ್ನು ಬಿಡತಕ್ಕದ್ದಲ್ಲ.’

ಆಗಿಸುವ ಹೊಣೆ ಕಚೇರಿಯ ಮೇಲೆ ಬಿತ್ತು. ಸಿದ್ದರಾಮಪ್ಪನವರು ಬರಣಿಗೆ ಕಂಬಳಿ ಹೊದಿಸಿದರು. ಬೆಲ್ಲ ಹಾಕಿದರು. ರಾಚಪ್ಪನವರನ್ನು ತಜ್ಞರೆಂದು ಸೊಲ್ಲಾಪುರದಿಂದ ಕರೆಸಿದರು. ಅವರು ಹೆಗಲ ಮೇಲಿನ ಉಪರಣಿಯನ್ನು ಮೂಗಿಗೆ ಹಿಡಿದುಕೊಂಡು ಬರಣಿ ನೋಡಿ, ಹೋಲಿಕೆಗೆಂದು ಕಚೇರಿಯಲ್ಲಿಯೂ ಕೆಲವು ಪೇಟಿಗಳನ್ನು ಇಟ್ಟು ನೋಡಬೇಕೆಂದು ಸಲಹೆ ಕೊಟ್ಟರು. ಪೇಟಿಗಳು ಬಂದವು. ಭಂಡಾರ ಬೀಳದ ಆ ಪೇಟಿಗಳೆಲ್ಲ ಸೊಗಸಾಗಿ ಹುಬ್ಬಿ, ನೊರೆಯೆದ್ದು, ಉತ್ತಮ ದರ್ಜೆಯ ವೈನ್ ಆದವು. ಹೋಲಿಸಿ ನೋಡಲು ರುಚಿ ತಿಳಿಯಬೇಕಲ್ಲ? ಕಚೇರಿ ಮುಚ್ಚುವ ಹೊತ್ತಿಗೆ ದಿನಾ ಹೋಲಿಕೆ ನಡೆಯತೊಡಗಿತು. ಬೇಲಿಯೇ ಎದ್ದು ಹೊಲ ಮೇಯಿತೆಂದು ಯಾರೋ ಕುಹಕಿಗಳು ಆಡಿಕೊಂಡರು. ಅವರು ಕಚೇರಿಯ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯದವರು. ಹೋಲಿಕೆ ಮುಗಿಸಿ ಗಟಾರದ ಪಕ್ಕ ಮಲಗಿದ್ದ ಸಿದ್ದರಾಮಪ್ಪನವರನ್ನು ನಾನೇ ಕಂಡಿದ್ದೇನೆ. ನಿಜವಾಗಿಯೂ ದಣಿದಿದ್ದರು.

ಬೀರವ್ವನ ಬರಣಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಏಕೆಂದರೆ ಪ್ರತಿ ಸಂತೆಯ ದಿನ ಬೀರವ್ವ ಬರುತ್ತಿದ್ದಳು. ಬರಣಿ ಕೇಳುತ್ತಿದ್ದಳು. ಕೊಡಲಾಗದು ಎಂದಾಗ, ಪರಸ್ಥಳದಲ್ಲಿ ಇರುವ ಮಕ್ಕಳ ತಲೆ ಸವರುವಂತೆ ಅದನ್ನು ಸವರಿ, ಬಟ್ಟೆ ಸರಿಸಿ, ಚಾಂಗಭಲೋ ಎಂದು ಒಂದು ಚಿಟಿಕೆ ಭಂಡಾರ ಹಾಕಿ ಹೋಗುತ್ತಿದ್ದಳು. ತಡೆಯಲು ನಿಯಮವಿರಲಿಲ್ಲ, ಧರ್ಮದ ಪ್ರಶ್ನೆ. ಸಿದ್ದರಾಮಪ್ಪನವರು ಕೂಡ ಎದ್ದು ನಿಂತು ಕೈಮುಗಿಯುತ್ತಿದ್ದರು. ಮರುದಿನದಿಂದ ಮತ್ತೆ ಬೆಲ್ಲ ಹಾಕುತ್ತಿದ್ದರು.

ಪ್ರಯೋಗಶಾಲೆಗೆ ಮೇಲಿಂದ ಮೇಲೆ ಮಾದರಿ ಹೋಯಿತು. ಅಲ್ಲಿಯವರಿಗೆ ಕೆಮ್ಮು ಇದ್ದಿರಬೇಕು, ಇನ್ನಷ್ಟು ಕಳಿಸಿರೆಂದು ತಿರುಗಿ ತಿರುಗಿ ಬರೆದರು. ಹೀಗೆ ಕಳಿಸಿ ಕಳಿಸಿ ಒಂದು ದಿನ ಬರಣಿಯ ತಳ ಕಂಡಿತು. ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಪುರಾವೆ ಖಾಲಿಯಾದರೆ ಅದನ್ನು ಯಾರೋ ಕುಡಿದಿರಬೇಕು. ಯಾರೋ ಎಂದರೆ ಕಚೇರಿಯಲ್ಲಿ ಇದ್ದವರು ಇಬ್ಬರೇ.

ಆಗ ವೈಶಾಖ. ಬೀರವ್ವ ಹೋಳು ಮಾಡಿದ ಮಾವಿನಕಾಯಿಯ ಬುಟ್ಟಿ, ಉಪ್ಪು, ಖಾರ, ಸಾಸಿವೆ, ಎಣ್ಣೆ ಎಲ್ಲ ಹೊತ್ತುಕೊಂಡು ಕಚೇರಿಯ ಪಡಸಾಲೆಯಲ್ಲಿ ಬಂದು ಕುಳಿತಳು. ಅವಳ ಕಣ್ಣಲ್ಲಿ ನೀರಿತ್ತು.

“ಸಾಹೇಬ್ರ, ಹೋಳು ಕೆಡಾಕತ್ತಾವ. ನಮ್ಮವ್ವನ ಬರಣಿ ಅದು. ಬ್ಯಾರೆ ಗಡಿಗಿಯೊಳಗ ಹಾಕಿದರ ಬೂಷ್ಟು ಬರತದ. ಇವತ್ತ ಕೊಡ್ರಿ, ಇಲ್ಲಂದ್ರ ವರ್ಷಾ ಪೂರಾ ಒಣ ರೊಟ್ಟಿ ತಿನ್ನಬೇಕು.”

ಚನ್ನವೀರಪ್ಪನವರು ನಿಯಮದ ಪುಸ್ತಕ ತಿರುವಿದರು. ಪುರಾವೆಯನ್ನು ಹೊರಗೆ ಕೊಡಬಾರದೆಂದು ಇತ್ತು. ಪುರಾವೆಯೊಳಗೆ ಏನನ್ನೂ ಹಾಕಬಾರದೆಂದು ಎಲ್ಲಿಯೂ ಇರಲಿಲ್ಲ. ಅವರ ಮುಖ ಅರಳಿತು.

“ಬಾಯೀ, ಬರಣಿ ಕೊಡಾಕ ಬರಂಗಿಲ್ಲ. ಆದರ ಬರಣಿ ಇದ್ದಲ್ಲೇ ನೀ ಉಪ್ಪಿನಕಾಯಿ ಹಾಕು. ಯಾರ ಬ್ಯಾಡ ಅಂತಾರ?”

ಬೀರವ್ವ ಕೃತಜ್ಞತೆಯಿಂದ ಅವರ ಕಾಲಿಗೆ ಎರಗಿದಳು. ಸಿದ್ದರಾಮಪ್ಪನವರು ಬರಣಿ ಒರೆಸಿಕೊಟ್ಟರು. ಸಂಜೆಯೊಳಗೆ ಬರಣಿ ಕೊರಳವರೆಗೆ ತುಂಬಿತು. ಹೊಸ ಅರಗು, ಹೊಸ ಮುದ್ರೆ ಬಿದ್ದವು. ದಾಖಲೆಯಲ್ಲಿ ಬರೆದರು: ‘ಸದರಿ ದ್ರವವು ಕಾಲಕ್ರಮದಲ್ಲಿ ಗಟ್ಟಿಯಾಗಿದೆ.’

ಮೇಲಿನ ಸಾಹೇಬರು ಬಂದರು. ಬರಣಿ ತೆರೆಸಿ, ಒಂದು ಹೋಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ವಿಚಾರ ಮಾಡಿದರು. “ಇದು ಉಪ್ಪಿನಕಾಯಿ ರೂಪದ ಮದ್ಯ” ಎಂದು ತೀರ್ಮಾನಿಸಿ, ಮಾದರಿಯೆಂದು ಒಂದು ಡಬ್ಬಿ ಮನೆಗೆ ಒಯ್ದರು. ಪ್ರಯೋಗಶಾಲೆಯೂ ಉತ್ತರ ಬರೆಯಿತು: ‘ಮಾದರಿಯಲ್ಲಿ ಮದ್ಯ ಇಲ್ಲ. ಸಾಸಿವೆ ತುಸು ಮುಂದಾಗಿದೆ. ದೊಡ್ಡ ಮಾದರಿ ಕಳಿಸಿರಿ.’ ಕಚೇರಿಗೆ ಎಚ್ಚರಿಕೆ ಕೊಟ್ಟು ಇನ್ನಿಬ್ಬರು ಸಿಬ್ಬಂದಿಯನ್ನು ಹೆಚ್ಚಿಸಿದರು. ಅವರೂ ಮಧ್ಯಾಹ್ನ ಬರಿ ರೊಟ್ಟಿ ಕಟ್ಟಿಕೊಂಡು ಬರತೊಡಗಿದರು.

ಬೀರವ್ವನ ಮನೆಯಲ್ಲಿ ಮಾತ್ರ ಉಪ್ಪಿನಕಾಯಿ ಇರಲಿಲ್ಲ. ಅವಳು ಮತ್ತೆ ಬಂದಳು.

“ಸಾಹೇಬ್ರ, ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕರಿ? ನಾ ಹಾಕಿದ್ದು ನನಗ ಒಂದ್ ಹೋಳರೆ ಕೊಡ್ರಿ.”

ಚನ್ನವೀರಪ್ಪನವರು ಕಲ್ಲೆದೆಯವರಲ್ಲ. ಅವರು ಪ್ರೀತಿಯಿಂದಲೇ ತಿಳಿಸಿ ಹೇಳಿದರು. ಪಾನನಿರೋಧ ಇದ್ದರೂ ಬಿಡಲಾರದ ಚಟ ಉಳ್ಳವರಿಗೆ ಡಾಕ್ಟರರ ಸರ್ಟಿಫಿಕೇಟಿನ ಮೇಲೆ ಪರವಾನಗಿ ಸಿಗುತ್ತದೆ. ಈ ವಸ್ತು ಮದ್ಯವೆಂದು ಮೇಲಿನವರೇ ಹೇಳಿರುವುದರಿಂದ ಬೀರವ್ವನೂ ಅರ್ಜಿ ಹಾಕಬಹುದು.

ಡಾಕ್ಟರರು ಅವಳ ನಾಲಗೆ ನೋಡಿ, ಮಾವಿನಕಾಯಿಯ ಹೆಸರು ಹೇಳಿದರು. ಅವಳ ಬಾಯಲ್ಲಿ ನೀರೂರಿತು. ‘ಚಟ ಹಳೆಯದು, ತವರಿನಿಂದ ಬಂದದ್ದು, ಬಿಡಿಸಲಾಗದು’ ಎಂದು ಬರೆದುಕೊಟ್ಟರು. ಪರವಾನಗಿ ಸಿಕ್ಕಿತು. ಸಂತೆಗೊಮ್ಮೆ ಒಂದು ಸೌಟು. ಕುರನೂರಿನಲ್ಲಿ ಸರ್ಕಾರಿ ಪರವಾನಗಿ ಪಡೆದ ಮೊದಲ ಹೆಂಗಸು ಎಂದು ಅಕ್ಕಪಕ್ಕದವರು ಬಂದು ನೋಡಿಕೊಂಡು ಹೋದರು. ಬೀರವ್ವ ಆ ಕಾಗದದ ಮೇಲೆಯೂ ಭಂಡಾರ ಚೆಲ್ಲಿ ಜಗಲಿಯ ಮೇಲಿಟ್ಟಳು. ಬರಣಿಯ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ.

ಮಳೆಗಾಲಕ್ಕೆ ಕಾಮಣ್ಣ ಕುರಿ ಹೊಡೆದುಕೊಂಡು ಊರಿಗೆ ಮರಳಿದ. ರೊಟ್ಟಿಯ ಮುಂದೆ ಕುಳಿತು, ಹೆಂಡತಿಯ ತಾಟಿನಲ್ಲಿ ಕೆಂಪಗೆ ಹೊಳೆಯುತ್ತಿದ್ದ ಹೋಳಿನ ಕಡೆ ಕೈ ಚಾಚಿದ.

ಬೀರವ್ವ ತಾಟನ್ನು ಹಿಂದಕ್ಕೆ ಎಳೆದುಕೊಂಡಳು. “ಮುಟ್ಟಬ್ಯಾಡ್ರಿ. ನಿಮಗ ಪರವಾನಗಿ ಇಲ್ಲ.”

“ನನಗ್ಯಾಕ ಬೇಕ ಪರವಾನಗಿ? ನಮ್ಮನಿ ಉಪ್ಪಿನಕಾಯಿ ಅಲ್ಲೇನು?”

“ನಮ್ಮನೀದಲ್ರಿ, ಸರ್ಕಾರದ್ದು. ಚಟ ಇದ್ದವ್ರಿಗಷ್ಟ ಕೊಡ್ತಾರ. ಕಾಯ್ದೆ ಅಂದಮ್ಯಾಲ ಕಾಯ್ದೆ.”

ಕಾಮಣ್ಣನಿಗೆ ಅವಳು ಹೇಳಿದ್ದು ಸರಿಯೆನಿಸಿತು. ನೀರು ಅದ್ದಿಕೊಂಡು ರೊಟ್ಟಿ ತಿಂದ. ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕಲಕೋಟಕ್ಕೆ ಹೊರಟ. ಡಾಕ್ಟರರು ಬಾಗಿಲು ತೆರೆಯುವ ಮೊದಲೇ, ನಾಲಗೆ ಹೊರಗೆ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದ.