ಭಾವ ಹೊಡೆಯದ ಗೋಲು

ನಮ್ಮ ಭಾವ ಎಂದೋ ಸತ್ತುಹೋದ ಇಂಗ್ಲಿಷಿನವನ ಮಾತು ಕೇಳುತ್ತಾರೆಯೇ ಹೊರತು ಬದುಕಿರುವ ನಮ್ಮಕ್ಕನ ಮಾತು ಕೇಳುವುದಿಲ್ಲ! ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿ, ಮೆಲ್ಬರ್ನಿನ ಟ್ರುಗನಿನಾದಲ್ಲಿ ಮನೆ ಮಾಡಿದ ಈ ಮಹಾಶಯರು, ಎರಡು ಮಹಾಯುದ್ಧಗಳ ನಡುವೆ ಫುಟ್‌ಬಾಲ್ ಆಡುತ್ತಿದ್ದ ಯಾರೋ ಸ್ಕೂಲ್ ಮೇಷ್ಟ್ರ ಜೀವನಚರಿತ್ರೆಯನ್ನು ಹಳೇ ಪುಸ್ತಕದಂಗಡಿಯಿಂದ ತಂದರು. ಅಲ್ಲಿಗೆ ಅಕ್ಕನ ಭಾನುವಾರಗಳು ಮುಗಿದವು.

ಆ ಮೇಷ್ಟ್ರು ವಾರವೆಲ್ಲ ಪಾಠ ಹೇಳಿ, ಶನಿವಾರ ಆಡಿ, ಬಿಡಿಗಾಸೂ ಮುಟ್ಟುತ್ತಿರಲಿಲ್ಲವಂತೆ. ಸರಿ, ಭಾವನೂ ತಮ್ಮ ಬಡಾವಣೆಯ ಭಾನುವಾರದ ಫುಟ್‌ಬಾಲ್ ಟೀಮು ಸೇರಿದರು. ಆಟದ ನಡುವೆ ಎಲ್ಲರಿಗೂ ಕಿತ್ತಳೆ ಹಂಚಿದರೆ, "ಆಟಕ್ಕೆ ಪ್ರತಿಫಲ ತಗೊಳ್ಳಲ್ಲ" ಎಂದು ಮನೆಯಿಂದ ತಂದ ಕಿತ್ತಳೆ ಸುಲಿದು ತಿಂದರು! ಬಿಸಿಲಲ್ಲೂ ಆ ಮೇಷ್ಟ್ರ ಹಾಗೇ ಉಣ್ಣೆಯ ಜೆರ್ಸಿ.

"ರೀ, ಬೆವರು ಸುರೀತಿದೆ, ಬಿಚ್ಚಾಕ್ರೀ!"

"ಅವರು ಬಿಚ್ತಿರ್ಲಿಲ್ಲ ಕಣೇ!"

"ಅವರೂರಲ್ಲಿ ಬಿಸಿಲೆಲ್ಲಿತ್ತು?" ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಟೀಮಿನವರು ಸಹಿಸದೇ ಹೋದದ್ದು ಪೆನಾಲ್ಟಿಯನ್ನು. ಎದುರಾಳಿ ತಪ್ಪು ಮಾಡಿದಾಗ, ಗೋಲ್‌ಕೀಪರ್ ಒಬ್ಬನೇ ಎದುರಿಗಿರುವಂತೆ ಚೆಂಡಿಟ್ಟು ಒದೆಯಲು ಬಿಡುತ್ತಾರಲ್ಲ, ಅದು. ಆ ಮೇಷ್ಟ್ರು ಅದನ್ನು ಬೇಕೆಂದೇ ಹೊರಗೆ ಒದೆಯುತ್ತಿದ್ದರಂತೆ. ಸಭ್ಯರು ಬೇಕೆಂದು ತಪ್ಪು ಮಾಡುವುದಿಲ್ಲ, ಅಕಸ್ಮಾತ್ತಾಗಿ ಆದ ತಪ್ಪಿನಿಂದ ಲಾಭ ಪಡೆಯಬಾರದು ಎಂಬುದು ಅವರ ನೀತಿ! ಭಾವ ತಮಗೆ ಸಿಕ್ಕ ಮೊದಲ ಪೆನಾಲ್ಟಿಯನ್ನು ನೇರವಾಗಿ ಕಾರ್ ಪಾರ್ಕಿಗೆ ಒದ್ದರು. ಪಂಜಾಬಿ ಕ್ಯಾಪ್ಟನ್ ಆ ವಾರವೆಲ್ಲ ಫೋನ್ ಎತ್ತಲಿಲ್ಲ.

ಈಚೆಗೆ ಭಾವನ ಮಂಡಿ ಕೈಕೊಟ್ಟಿತು. ಡಾಕ್ಟರು "ಇನ್ನು ಸಾಕು" ಎಂದರು. ಕೊನೆಯ ಪಂದ್ಯ ನೋಡಲು ನಾನು ಸಿಡ್ನಿಯ ಕೆಲ್ಲಿವಿಲ್‌ನಿಂದ ವಿಮಾನ ಹತ್ತಿ ಹೋದೆ. ಬೂಟಿನ ಲೇಸು ಬಿಗಿಯುತ್ತಾ ಭಾವ ಮೆಲ್ಲಗೆ ಹೇಳಿದರು: "ಇಷ್ಟು ವರ್ಷದಲ್ಲಿ ಒಂದೂ ಗೋಲ್ ಹೊಡೆದಿಲ್ಲ ಕಣಯ್ಯಾ. ಇವತ್ತೊಂದು ಹೊಡೀಬೇಕು. ನಿಮ್ಮಕ್ಕ ನೋಡ್ಬೇಕು."

ಪಂದ್ಯ ಸಮಸಮ. ಇನ್ನೇನು ಮುಗಿಯಬೇಕು, ಭಾವ ಕುಂಟುತ್ತಲೇ ಮುನ್ನುಗ್ಗಿದರು. ಎದುರು ಟೀಮಿನ ತರುಣನೊಬ್ಬ ಅಡ್ಡಗಾಲು ಹಾಕಿದ. ಭಾವ ಬಿದ್ದರು. ಪೆನಾಲ್ಟಿ! ಕ್ಯಾಪ್ಟನ್ ಚೆಂಡನ್ನು ಅವರ ಕೈಗಿಟ್ಟು, ದೇವರಿಗೆ ಮುಗಿದಂತೆ ಕೈಮುಗಿದ.

ಭಾವ ನೆಟ್ಟಗೆ ಆ ತರುಣನ ಬಳಿ ಹೋಗಿ, "ಬೇಕಂತಲೇ ಮಾಡಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೋ ಅಂಕಲ್! ಐ ಸ್ಲಿಪ್ಡ್!"

ಅಂಥ ಹೊತ್ತಿನಲ್ಲಿ ಯಾರಾದರೂ ಹೌದು ಅಂತಾರೆಯೇ? ಭಾವ ಮಾತ್ರ ನಂಬಿ ತಲೆಯಾಡಿಸಿದರು.

"ರೀ! ನನಗೋಸ್ಕರ! ಒಂದೇ ಒಂದು!" ಮೈದಾನದಂಚಿನ ಕುರ್ಚಿಯಿಂದ ಅಕ್ಕ ಕೂಗಿದಳು.

ಭಾವ ಅವಳನ್ನೊಮ್ಮೆ ನೋಡಿದರು. ಆಮೇಲೆ ಒದ್ದರು. ಚೆಂಡು ಗೋಲಿನಿಂದ ಬಹುದೂರ ಉರುಳಿ, ಅಕ್ಕನ ಕುರ್ಚಿಗೆ ತಾಗಿ ನಿಂತಿತು.

ಆಟ ಮುಗಿದ ಮೇಲೆ ಭಾವ ಕುಂಟುತ್ತಾ ಬಂದರು. ಇನ್ನು ಮಂಗಳಾರತಿ ಶುರುವಾಯಿತು ಎಂದುಕೊಂಡೆ.

"ಬೇಜಾರಾಯ್ತೇನೇ?"

"ನೀವು ಹೊಡೆಯಲ್ಲ ಅಂತ ನನಗೆ ಗೊತ್ತಿರ್ಲಿಲ್ವಾ?" ಅಕ್ಕನ ಕಣ್ಣು ತುಂಬಿತ್ತು. "ಹೊಡೆದುಬಿಟ್ಟಿದ್ರೆ ಇವರ್ಯಾರಪ್ಪಾ ಅಂತ ಹೆದರಿಬಿಡ್ತಿದ್ದೆ. ಬನ್ನಿ, ಕೂತ್ಕೊಳ್ಳಿ."

ಟೀಮಿಗೆ ಹಂಚುತ್ತಿದ್ದ ಬುಟ್ಟಿಯಿಂದಲೇ ಒಂದು ಕಿತ್ತಳೆ ತೆಗೆದು ಸುಲಿದು, ತೊಳೆಯೊಂದನ್ನು ಅವರ ಬಾಯಿಗಿಟ್ಟಳು. ಭಾವ ಬೇಡ ಎನ್ನಲಿಲ್ಲ.