ಅಲ್ಲಾಡ್ಬೇಡಿಯವರು ಹಿಡಿದ ವೇಗ

ಎಲ್ಲಕ್ಕೂ ಕಾರಣ ಕಾರ್ ರೇಸ್ ಕ್ಲಬ್ಬಿನವರ ಒಂದು ಹಾಳೆಯ ಅರ್ಜಿ. ಭಾನುವಾರದ ರೇಸಿನಲ್ಲಿ ಟ್ರ್ಯಾಕಿನ ತಿರುವಿನಲ್ಲೇ ನಿಂತು ಚಿತ್ರ ತೆಗೆಯಲು ಊರಿನ ಒಬ್ಬ ಫೋಟೋಗ್ರಾಫರಿಗೆ ಪಾಸು ಕೊಡಲಾಗುವುದು. ಬೇಕೆನ್ನುವವರು ಓಡುವ ಕಾರಿನ ಫೋಟೋವನ್ನು ತಾವೇ ತೆಗೆದು ಶನಿವಾರ ಸಂಜೆ ಐದರೊಳಗೆ ತರಬೇಕು. ಕಾರು ಸ್ಪಷ್ಟವಾಗಿರಬೇಕು, ಹಿನ್ನೆಲೆ ಗೆರೆಗೆರೆಯಾಗಿ ಹರಿಯುತ್ತಿರಬೇಕು, ವೇಗ ಗಂಟೆಗೆ ನೂರು ಕಿಲೋಮೀಟರಿಗಿಂತ ಕಡಿಮೆ ಇರಕೂಡದು.

ಈ ಹಾಳೆ ಬೇರೆ ಯಾರ ಕೈಗೆ ಸಿಕ್ಕಿದ್ದರೂ ತೊಂದರೆಯಿರಲಿಲ್ಲ. ಸಿಕ್ಕಿದ್ದು ಅಲ್ಲಾಡ್ಬೇಡಿಯವರಿಗೆ. ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತೆಂಟು ವರ್ಷದಿಂದ ಜನರನ್ನು ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ "ಅಲ್ಲಾಡ್ಬೇಡಿ" ಎನ್ನುತ್ತ ಬಂದ ಅವರಿಗೆ ಬೀದಿಯವರು ಆ ಹೆಸರನ್ನೇ ಕಟ್ಟಿದ್ದರು. ಇಡೀ ಊರು ಅವರ ಮುಂದೆ ಉಸಿರು ಬಿಗಿಹಿಡಿದು ಕೂತು ಎದ್ದುಹೋಗಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅದೇ ಸ್ಟೂಲಿನ ಮೇಲೆ ಕೂತು ಅವರು ಕಣ್ಣು ಅರೆಮುಚ್ಚುತ್ತಿದ್ದರು. ಆಗ ನೀಲಿ ಪರದೆ ಮೆಲ್ಲನೆ ಕರಗಿ ಹರಿಯತೊಡಗುತ್ತಿತ್ತು. ಅದರ ನಡುವೆ ಒಂದು ಕೆಂಪು ಕಾರು, ಇಬ್ಬನಿಯಲ್ಲಿ ಹೊಳೆಯುವ ಹಣ್ಣಿನಷ್ಟು ಸ್ಪಷ್ಟವಾಗಿ, ಸದ್ದಿಲ್ಲದೆ ತೇಲಿ ಬರುತ್ತಿತ್ತು. ಜೀವಮಾನದಲ್ಲಿ ಒಂದು ದಿನವಾದರೂ ಆ ತಿರುವಿನಲ್ಲಿ ನಿಲ್ಲಬೇಕೆನ್ನುವುದು ಅವರ ಆಸೆ.

ಹೀಗೆ ಚಿತ್ರ ತೆಗೆಯುವುದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಕಾಲನ್ನು ನೆಲಕ್ಕೆ ನೆಟ್ಟು ಸೊಂಟದಿಂದ ಮೇಲಷ್ಟೇ ಕಾರಿನ ಜೊತೆ ತಿರುಗಬೇಕು. ತಿರುಗುತ್ತಲೇ ಕ್ಲಿಕ್ ಮಾಡಬೇಕು. ಆಮೇಲೂ ತಿರುಗುತ್ತಿರಬೇಕು, ಊಟಕ್ಕೆ ಕೂತವನ ಕಣ್ಣು ತನಗೆ ಬಡಿಸಿಯಾದ ಮೇಲೂ ಪಾತ್ರೆಯ ಹಿಂದೆಯೇ ಹೋಗುವ ಹಾಗೆ. ಶುಕ್ರವಾರ ಹೆದ್ದಾರಿಗೆ ಹೋಗಿ ಅವರು ನಲವತ್ತು ಫೋಟೋ ತೆಗೆದಿದ್ದರು. ಮೂವತ್ತೊಂಬತ್ತರಲ್ಲಿ ಬರೀ ರಸ್ತೆ, ಒಂದರಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ಇತ್ತು. ಅದೂ ಮಸುಕು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಅಭ್ಯಾಸ ಶುರುವಾಯಿತು.

"ಏನ್ರೀ, ಎದ್ದಾಗಿಂದ ಬೀಸೋ ಕಲ್ಲಿನ ಥರ ತಿರುಗ್ತಾ ಇದೀರ. ತಲೆ ಸುತ್ತಲ್ವಾ?" ಎಂದರು ಹೆಂಡತಿ.

"ತಲೆ ಸುತ್ತಬಾರ್ದು ಕಣೇ, ಸೊಂಟ ಸುತ್ತಬೇಕು."

"ಆ ಸೊಂಟಕ್ಕೆ ಸಾಯಂಕಾಲ ಎಣ್ಣೆ ತಿಕ್ಕೋಳು ನಾನು. ಹೊರಗೆ ಹೋಗಿ ತಿರುಗಿ."

ಹೊರಗೆ ಬೀದಿಯ ತಿರುವಿನಲ್ಲಿ ಮೊದಲು ಬಂದದ್ದು ಒಂದು ಸಾಮಾನಿನ ವ್ಯಾನು. ಕ್ಯಾಮೆರಾ ಕಂಡದ್ದೇ ಚಾಲಕ ಗಾಡಿ ನಿಲ್ಲಿಸಿ ಜೇಬಿನಿಂದ ಬಾಚಣಿಗೆ ತೆಗೆದ.

"ಹೀಗೇ ಇರ್ಲಾ, ಸ್ವಲ್ಪ ಆ ಕಡೆ ತಿರುಗ್ಲಾ?"

"ನಿಲ್ಲಬೇಡಪ್ಪಾ, ಹೋಗ್ತಾ ಇರು."

"ಹೋದ್ ತಿಂಗಳು ಕೆಮ್ಮಿದ್ದಕ್ಕೇ ಬೈದಿದ್ರಿ. ಈಗ ಗಾಡೀನೇ ಓಡ್ಸು ಅಂತೀರ. ಒಂದು ಮಾತಿನ ಮೇಲೆ ನಿಲ್ಲಿ ಸ್ವಾಮಿ."

ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರರು ಗೇಟಿನ ಬಳಿ ಬಂದು ದನಿ ತಗ್ಗಿಸಿ ಕೇಳಿದರು. "ಏನು, ಪೊಲೀಸ್‌ನೋರು ವಹಿಸಿದ್ದಾ?"

"ಇಲ್ಲ ಸಾರ್, ಅಭ್ಯಾಸ. ಕಾರು ಜೋರಾಗಿ ಬರಬೇಕು, ನಾನು ಹಿಡೀಬೇಕು."

"ಹಿಡೀರಿ ಹಿಡೀರಿ. ನಾನು ಯಾರಿಗೂ ಹೇಳಲ್ಲ."

ಯಾರಿಗೂ ಹೇಳುವುದಿಲ್ಲವೆಂದವರು ಕೊಡೆ ಹಿಡಿದು ಬೀದಿಯ ತುದಿಗೆ ಹೋಗಿ, ಮುಂದೆ ಪೊಲೀಸರ ಕ್ಯಾಮೆರಾ ಇದೆಯೆಂದು ಬಂದ ಪ್ರತಿಯೊಂದು ಗಾಡಿಗೂ ಹೇಳಿದರು. ಹತ್ತು ಗಂಟೆಯ ಹೊತ್ತಿಗೆ ಕಾರುಗಳೆಲ್ಲ ಮಗು ಮಲಗಿದ ಕೋಣೆಯನ್ನು ದಾಟುವವರ ಹಾಗೆ ತುದಿಗಾಲಿನಲ್ಲಿ ಹೋಗುತ್ತಿದ್ದವು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ನಡೆದರು.

ಹನ್ನೆರಡಕ್ಕೆ ಡ್ರೈವಿಂಗ್ ಸ್ಕೂಲಿನ ಕಾರು ಬಂತು. ಅದರ ಯಜಮಾನ ಅಲ್ಲಾಡ್ಬೇಡಿಯವರ ಬಾಲ್ಯದ ಗೆಳೆಯ.

"ಒಂದೇ ಒಂದ್ಸಲ ಜೋರಾಗಿ ಹೊಡೆಸೋ, ಪುಣ್ಯ ಬರುತ್ತೆ."

"ನನ್ನ ಕಡೆ ಇರೋದೇ ಬ್ರೇಕ್ ಒಂದು. ಇಪ್ಪತ್ತು ವರ್ಷದಿಂದ ಬೇರೇನೂ ಒತ್ತಿಲ್ಲ ಮಾರಾಯ. ಮನೇಲಿ ಸೋಫಾ ಮೇಲೆ ಕೂತ್ರೂ ಕಾಲು ಒತ್ತುತ್ತೆ," ಎಂದ ಗೆಳೆಯ. ಆಮೇಲೆ ಸ್ಟಿಯರಿಂಗ್ ಹಿಡಿದವರ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದ. "ಹೆಸರು ಕೇಳಬೇಡ. ಮನೇಲಿ ಹೇಳದೆ ಕಲೀತಿದಾರೆ."

ಸ್ಟಿಯರಿಂಗ್ ಹಿಡಿದಿದ್ದವರು ಐವತ್ತು ದಾಟಿದ ಹೆಂಗಸು. ಮಹಡಿಯ ಅಂಚಿನಲ್ಲಿ ಕಂಬಿ ಹಿಡಿದವರ ಹಾಗೆ ಹಿಡಿದಿದ್ದರು. "ನಾನು ಇಲ್ಲೇ ಸುತ್ತು ಹೊಡೀತಿರ್ತೀನಿ. ತೆಗೀರಿ. ನಿಧಾನ ಆಯ್ತು ಅಂತ ಬೇಜಾರು ಮಾಡ್ಕೋಬೇಡಿ," ಎಂದರು.

ಅವರು ಸುತ್ತಿದರು, ಇವರು ತಿರುಗಿದರು. ಏಳನೆಯ ಸುತ್ತಿಗೆ ಅಲ್ಲಾಡ್ಬೇಡಿಯವರಿಗೆ ಜ್ಞಾನೋದಯವಾಯಿತು. ಕಾರು ನಿಧಾನವಾದರೇನು, ಕ್ಯಾಮೆರಾದ ಕಣ್ಣನ್ನು ಅಷ್ಟು ಹೆಚ್ಚು ಹೊತ್ತು ತೆರೆದಿಟ್ಟರಾಯಿತು. ಹಿನ್ನೆಲೆಗೆ ಕಾರಿನ ಮೀಟರು ಕಾಣುವುದಿಲ್ಲ. ಇಪ್ಪತ್ತಮೂರನೆಯ ಸುತ್ತಿನಲ್ಲಿ ಸೊಂಟದೊಳಗಿನ ಯಾವುದೋ ಹಳೆಯ ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಗೋಡೆ, ಗೇಟು, ಹೆಡ್‌ಮಾಸ್ಟರರ ಕೊಡೆ ಎಲ್ಲ ನೀರಿಗೆ ಬಿದ್ದ ಬಣ್ಣದ ಹಾಗೆ ಉದ್ದಕ್ಕೆ ಹರಿದವು. ಜಗತ್ತಿನಲ್ಲಿ ನಿಂತದ್ದು ಎರಡೇ, ಆ ಕಾರು ಮತ್ತು ತಾನು. ಸದ್ದಡಗಿತು. ಬೆರಳು ಯಾವಾಗ ಒತ್ತಿತೋ ಅವರಿಗೇ ತಿಳಿಯಲಿಲ್ಲ.

ಸ್ಟುಡಿಯೋದಲ್ಲಿ ಪ್ರಿಂಟು ಹೊರಬಂದಾಗ ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಕಾರು ಬಾಣದಂತೆ ಹಾರುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಬೋರ್ಡು ಚೌಕಟ್ಟಿನಾಚೆ ಉಳಿದಿತ್ತು. ಗೆಳೆಯ ಬ್ರೇಕಿನತ್ತ ಬಗ್ಗಿದ್ದರಿಂದ ಕಾಣುತ್ತಿರಲಿಲ್ಲ. ಕಿಟಕಿಯಲ್ಲಿ ಆ ಹೆಂಗಸಿನ ಮುಖವೊಂದೇ, ನಿದ್ದೆಯಲ್ಲಿ ನಗುವವರ ಮುಖದಂತೆ ಸ್ಪಷ್ಟವಾಗಿತ್ತು.

ಅರ್ಜಿಯಲ್ಲಿ 'ವೇಗ' ಎಂಬ ಖಾಲಿ ಜಾಗದ ಮುಂದೆ ಪೆನ್ನು ಸ್ವಲ್ಪ ಹೊತ್ತು ತೂಗಾಡಿತು. ಸುಳ್ಳು ಹೇಳುತ್ತಿರುವುದು ತಾನಲ್ಲ, ಫೋಟೋ ಎಂದು ಮನಸ್ಸಿಗೆ ಹೇಳಿಕೊಂಡು ಅವರು ನೂರಾಹತ್ತು ಎಂದು ಬರೆದರು.

ಕ್ಲಬ್ಬಿನ ಕಾರ್ಯದರ್ಶಿಗಳು ಐದಕ್ಕೆ ಹತ್ತು ನಿಮಿಷವಿದ್ದಾಗ ಫೋಟೋ ಕೈಗೆತ್ತಿಕೊಂಡರು. "ಭಲೇ. ಏನು ಹರಿವು ಕಣ್ರೀ. ಉಳಿದವರೆಲ್ಲ ಚಕ್ರ ತಂದಿದಾರೆ, ಹೊಗೆ ತಂದಿದಾರೆ. ನೀವು ಕಾರು ತಂದಿದೀರ." ಪಾಸು ಹೊರಬಂತು. ಸಹಿಗೆ ಪೆನ್ನು ಇಳಿಯಿತು. ಇಳಿದದ್ದು ಅರ್ಧದಲ್ಲೇ ನಿಂತಿತು. ಅವರು ಫೋಟೋವನ್ನು ಮೂಗಿನ ತನಕ ತಂದರು.

"ಇವಳು ನನ್ನ ಹೆಂಡತಿ," ಎಂದರು.

ಕಾರ್ಯದರ್ಶಿಗಳು ಫೋಟೋವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಬೆರಳೂರಿದರು.

"ಮೂವತ್ತು ವರ್ಷದಿಂದ ಸ್ಟಿಯರಿಂಗ್ ಮುಟ್ಟೋಕೆ ಬಿಟ್ಟಿಲ್ಲ ನಾನು. ಒಬ್ಬಳೇ, ನೂರಾಹತ್ತರಲ್ಲಿ, ಮನೆಗಳ ಮಧ್ಯೆ. ಯಾವನ್ರೀ ಇವಳಿಗೆ ಕಲಿಸಿದ್ದು? ನಾಳೆ ಅವನ ಸ್ಕೂಲು ಇರಲ್ಲ, ಇವಳ ಕೈಗೆ ಕಾರಿನ ಕೀ ಸಿಗಲ್ಲ."

ಅಲ್ಲಾಡ್ಬೇಡಿಯವರು ಪಾಸನ್ನು ನೋಡಿದರು. ಸುಮ್ಮನಿದ್ದರೆ ಇನ್ನರ್ಧ ಸಹಿ ಬಂದರೂ ಬಂದೀತು. ಬ್ರೇಕ್ ಒತ್ತುವ ಗೆಳೆಯನ ಕಾಲು ನೆನಪಾಯಿತು, ಫೋಟೋದೊಳಗಿನ ಆ ನಗು ಕಂಡಿತು.

"ನೂರಾಹತ್ತಲ್ಲ ಸಾರ್. ಪಕ್ಕದಲ್ಲಿ ಬ್ರೇಕ್ ಇಟ್ಕೊಂಡು ಡ್ರೈವಿಂಗ್ ಮೇಷ್ಟ್ರು ಕೂತಿದ್ರು. ಕಾರು ಹೋಗ್ತಿದ್ದಿದ್ದು ಹದಿನೈದರಲ್ಲಿ. ಓಡಿದ್ದು ನನ್ನ ಕ್ಯಾಮೆರಾ ಅಷ್ಟೇ."

ಕಾರ್ಯದರ್ಶಿಗಳು ಒಂದು ಲೋಟ ನೀರು ಕುಡಿದು ಕುರ್ಚಿಗೆ ಒರಗಿದರು. "ಅಬ್ಬಾ. ದೊಡ್ಡ ಉಪಕಾರ ಮಾಡಿದ್ರಿ. ಕಲೀಲಿ ಬಿಡಿ, ಹದಿನೈದರಲ್ಲಿ ಏನಾಗುತ್ತೆ." ಗಂಡನಾಗಿ ಉಸಿರು ಬಿಟ್ಟವರು, ಕನ್ನಡಕ ಏರಿಸಿ ಮತ್ತೆ ಕಾರ್ಯದರ್ಶಿಗಳಾದರು. ನೂರಾಹತ್ತನ್ನು ಹೊಡೆದುಹಾಕಿ ಹದಿನೈದು ಎಂದು ಬರೆದರು. "ಆದ್ರೆ ನಿಯಮ ನಿಯಮ. ನೂರಕ್ಕೆ ಕಡಿಮೆ ಇರಕೂಡದು."

"ಸಾರ್, ಚಿತ್ರ ಅದೇ ಅಲ್ವಾ?"

"ಚಿತ್ರ ಅದೇ. ವೇಗ ಬೇರೆ."

ಅಷ್ಟರಲ್ಲಿ ಅವರು ಮನೆಗೆ ಫೋನು ಹಚ್ಚಿದ್ದರು. "ಲೇ, ನೀನು ಕಾರು ಕಲೀತಿರೋ ವಿಷಯ ಗೊತ್ತಾಯ್ತು. ಹೆದರಬೇಡ, ಬೈಯಲ್ಲ. ಬರೀ ಹದಿನೈದರಲ್ಲಿ ಓಡ್ಸಿದ್ದಂತೆ, ಫೋಟೋ ತೆಗೆದವರೇ ಇಲ್ಲಿದಾರೆ, ಅವರೇ ಹೇಳಿದ್ರು."

ಆಚೆಯ ದನಿ ಇಡೀ ಕೋಣೆಗೆ ಕೇಳಿಸಿತು. "ಯಾರ್ರೀ ಅದು ಹದಿನೈದು ಅಂದಿದ್ದು? ಮೀಟರು ನಾನು ನೋಡಿದೀನಿ. ಹದಿನೆಂಟು."

ಕಾರ್ಯದರ್ಶಿಗಳು ನ್ಯಾಯವಂತರು. ಹದಿನೈದನ್ನೂ ಹೊಡೆದುಹಾಕಿ, ಹದಿನೆಂಟು ಎಂದು ತಿದ್ದಿ, ಪಕ್ಕದಲ್ಲಿ ಪುಟ್ಟ ಸಹಿ ಮಾಡಿ, ಕೆಳಗೆ 'ತಿರಸ್ಕರಿಸಲಾಗಿದೆ' ಎಂದು ಬರೆದು ಅರ್ಜಿಯನ್ನು ಅಲ್ಲಾಡ್ಬೇಡಿಯವರ ಕೈಗೆ ಕೊಟ್ಟರು. ಫೋಟೋ ಕೊಡಲಿಲ್ಲ.