ಹೊಟ್ಟೆಯಲ್ಲಿ ಕಿವಿ ಇರುವ ಕುಟುಂಬ

ವಿಂಗಡಿಸಲಾಗದ ವಸ್ತು ಎಂಬುದು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಇದು ನನ್ನ ನಂಬಿಕೆ ಮಾತ್ರವಲ್ಲ, ಕಸುಬು ಕೂಡ. ನಗರದ ದೊಡ್ಡ ಗ್ರಂಥಾಲಯಕ್ಕೆ ಬಂದು ಬೀಳುವ ಪುಸ್ತಕಗಳನ್ನೆಲ್ಲ ಇದು ಈ ಜಾತಿ, ಅದು ಆ ಜಾತಿ ಎಂದು ಬೇರ್ಪಡಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಕಪಾಟಿಗೆ ಕಳಿಸುವ ಮಹಾನುಭಾವ ನಾನೇ! ಸುಖೀ ದಾಂಪತ್ಯದ ಬಗೆಗಿನ ಪುಸ್ತಕಗಳನ್ನೆಲ್ಲ ಕಟ್ಟುಕಥೆಗಳ ವಿಭಾಗಕ್ಕೆ ಸೇರಿಸಿ ಮೇಲಧಿಕಾರಿಯಿಂದ ಬೈಸಿಕೊಂಡವನೂ ನಾನೇ. ಆಮೇಲೆ ಅವರಿಗೂ ಮದುವೆಯಾಯಿತು. ಈಗ ಬೈಯುವುದಿಲ್ಲ.

ಇಂಥ ನಾನು, ಸಂಜೆಯಾದರೆ ದೀಪಕ್ಕೆ ಮುತ್ತುವ ಉಗುರಿನಷ್ಟು ಪತಂಗಗಳ ಮುಂದೆ ಸೋಲುವುದೇ? ಒಂದು ದಿನ ಊಟದ ಮೇಜನ್ನು ಗುದ್ದಿ ಘೋಷಿಸಿಯೇಬಿಟ್ಟೆ:

"ಈ ಮನೆಗೆ ಬರೋ ಒಂದೊಂದು ಪತಂಗದ ಜಾತಕಾನೂ ಜಾಲಾಡ್ತೀನಿ. ಒಂದೊಂದನ್ನೂ ಹೆಸರು ಹಿಡಿದು ಕರೀತೀನಿ. ಇಲ್ದಿದ್ರೆ ನನ್ನ ಹೆಸರೇ ಬದಲಾಯಿಸಿ!"

ಉಪ್ಪಿನ ಡಬ್ಬಿ ಉರುಳಿ ಮಗಳ ತಟ್ಟೆಗೆ ಬಿತ್ತು.

"ಹೆಸರು ನಿಧಾನಕ್ಕೆ ಬದಲಾಯ್ಸೋಣ," ಅಂದಳು ಹೆಂಡತಿ. "ಮೊದ್ಲು ಬನಿಯನ್ ಬದಲಾಯ್ಸಿ."

ಮಹತ್ಕಾರ್ಯಗಳ ಆರಂಭದಲ್ಲಿ ಇಂಥ ಅಡಚಣೆಗಳು ಇದ್ದದ್ದೇ. ನಾನು ಧೃತಿಗೆಡಲಿಲ್ಲ. ಗ್ರಂಥಾಲಯದಿಂದ ದಿಂಬಿನಷ್ಟು ದಪ್ಪದ ಪುಸ್ತಕವೊಂದನ್ನು ಹೊತ್ತು ತಂದೆ. ಒಂದು ಭೂತಗನ್ನಡಿ, ಒಂದು ಪೊಟ್ಟಣ ಗುಂಡುಸೂಜಿ, ಮೇಲೆ ಗಾಜಿನ ಮುಚ್ಚಳ ಕೆಳಗೆ ಸೆಳೆಖಾನೆ ಇರುವ ಒಂದು ಮರದ ಪೆಟ್ಟಿಗೆ ಬಂದವು. ಮನೆಯ ಎದುರು ಪಾರ್ಕಿದೆ, ಪಾರ್ಕಿನ ತುಂಬ ಹುಲ್ಲಿದೆ, ಹುಲ್ಲಿನ ತುಂಬ ಹುಲ್ಲು ಪತಂಗಗಳಿವೆ. ಕಾಲಿಟ್ಟರೆ ಸಾಕು, ಪುರ್ರನೆ ಎದ್ದು ಇನ್ನೊಂದು ಎಸಳಿಗೆ ಹೋಗಿ, ರೆಕ್ಕೆಯನ್ನು ಮೈಗೆ ಸುತ್ತಿಕೊಂಡು, ನಾನೂ ಒಂದು ಒಣ ಹುಲ್ಲುಕಡ್ಡಿ ಎಂಬ ವಿನಯದಲ್ಲಿ ಕೂತುಬಿಡುತ್ತವೆ. ಮುಂದೆ ಚಾಚಿದ ಮೂತಿ ಬೇರೆ! ನಮ್ಮ ಗ್ರಂಥಾಲಯದಲ್ಲಿ ದಿನಪತ್ರಿಕೆಯನ್ನು ಯಾರಿಗೂ ಬಿಟ್ಟುಕೊಡದ ಒಬ್ಬ ಹಿರಿಯರಿದ್ದಾರೆ, ಥೇಟ್ ಅವರದೇ ಮೂತಿ.

ಸ್ವಲ್ಪ ದಿನಗಳಲ್ಲೇ ಪೆಟ್ಟಿಗೆ ತುಂಬಿತು. ಪ್ರತಿ ಪತಂಗಕ್ಕೂ ಒಂದು ಸೂಜಿ, ಪ್ರತಿ ಸೂಜಿಗೂ ಒಂದು ಚೀಟಿ, ಪ್ರತಿ ಚೀಟಿಯಲ್ಲೂ ಮುತ್ತಿನಂಥ ಅಕ್ಷರಗಳಲ್ಲಿ ಲ್ಯಾಟಿನ್ ಹೆಸರು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳಿನ ಗಂಟಿಗೆ ಸ್ಕೇಲಿನಿಂದ ಬಾರಿಸಿ ತಿದ್ದಿದ ಅಕ್ಷರ ಸ್ವಾಮಿ, ಸುಮ್ಮನೆ ಅಲ್ಲ!

ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅಜೀರ್ಣ. ಹೆಂಡತಿ ಅಡುಗೆಮನೆಯಲ್ಲಿ ಹಿಟ್ಟು ನಾದುವಾಗ ಬಾಗಿಲಿಗೆ ಒರಗಿ ಶುರುಮಾಡಿದೆ.

"ನೋಡೇ, ಹುಲ್ಲು ಪತಂಗದ ಸಂಸಾರ ಅಂದ್ರೆ ಸಾಮಾನ್ಯ ಅಲ್ಲ. ಹತ್ತು ಸಾವಿರ ಬಗೆ! ಒಂದು ಹುಲ್ಲು ತಿನ್ನುತ್ತೆ, ಒಂದು ಜೋಳದ ದಂಟು ಕೊರೆಯುತ್ತೆ, ಇನ್ನೊಂದರ ಮರಿ ನೀರೊಳಗೇ ಬೆಳೆಯುತ್ತೆ."

"ಆ ಬೆಣ್ಣೆ ಇತ್ಲಾಗೆ ಕೊಡಿ."

"ಇವುಕ್ಕೆ ದಾಯಾದಿಗಳೂ ಇದಾರೆ. ಉಗ್ರಾಣದ ಪತಂಗಗಳು. ಹಿಟ್ಟು, ಕಾಳು, ಒಣಹಣ್ಣು ಏನು ಸಿಕ್ಕಿದ್ರೂ ಬಿಡಲ್ಲ. ಅದೇ ಕಡೆಯವನೊಬ್ಬ ಜೇನುಗೂಡಿಗೇ ನುಗ್ಗಿ ಮೇಣ ತಿಂದು ಬರ್ತಾನೆ! ಮೊದ್ಲು ಎರಡನ್ನೂ ಒಂದೇ ಕುಟುಂಬ ಅಂತಿದ್ರು. ಆಮೇಲೆ ಪಾಲಾಯ್ತು."

"ಯಾಕೆ, ಅತ್ತೆ ಸೊಸೆ ಜಗಳಾನಾ?"

"ಕಿವಿ ವಿಚಾರಕ್ಕೆ! ಇವುಗಳ ಕಿವಿ ಇರೋದು ಹೊಟ್ಟೇಲಿ. ಹುಲ್ಲಿನವರ ಕಿವಿಗೂಡು ತೆರೆದಿರುತ್ತೆ, ಉಗ್ರಾಣದವರದ್ದು ಮುಚ್ಚಿರುತ್ತೆ. ಅಷ್ಟೇ ನೋಡು ವ್ಯತ್ಯಾಸ!"

ಅವಳು ನಾದುವುದನ್ನು ನಿಲ್ಲಿಸಿ ಮೊದಲ ಬಾರಿಗೆ ಆಸಕ್ತಿಯಿಂದ ನನ್ನನ್ನು ನೋಡಿದಳು.

"ಹೊಟ್ಟೇಲಿ ಕಿವಿ ಇರೋದನ್ನ ನಾನು ಮದುವೆಯಾದಾಗಿಂದ ನೋಡ್ತಿದೀನಿ ಬಿಡಿ. ಕಸದ ಬುಟ್ಟಿ ಆಚೆ ಇಡಿ ಅಂತ ಕಿರುಚಿದ್ರೂ ಕೇಳ್ಸಲ್ಲ. ತಟ್ಟೆ ಸದ್ದಾದ್ರೆ ಮಹಡಿಯಿಂದ ಧಡಧಡ ಇಳಿದು ಬರುತ್ತೆ."

ವಿಜ್ಞಾನಿಗಳನ್ನು ಅವರ ಕಾಲದವರು ಅರ್ಥ ಮಾಡಿಕೊಂಡದ್ದಾದರೂ ಯಾವಾಗ?

ಈಗ ನನ್ನ ಹೆಂಡತಿಯ ವಿಷಯ ಹೇಳಬೇಕು. ಅವಳು ಬಹಳ ಕಾಲ ಬೇರೆಯವರ ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡಿ, ಕೈ ಸುಟ್ಟುಕೊಂಡು, ಕೇಕಿನ ಮೇಲೆ ಬೇರೆಯವರ ಅಂಗಡಿಯ ಹೆಸರು ಬರೆದು ಸಾಕಾದವಳು. ಕೆಲಸ ಬಿಟ್ಟು ಮನೆಯಲ್ಲೇ ಒಲೆ ಹೂಡಿದ್ದಳು. ಬೀದಿಯ ತುದಿಯ ಕಾಫಿ ಅಂಗಡಿಯವರು ಅವಳ ಕೇಕಿನ ರುಚಿ ನೋಡಿ, "ದಿನಾ ನಿಮ್ಮಿಂದಲೇ ತಗೋತೀವಿ, ಆದ್ರೆ ಆಹಾರ ಇಲಾಖೆಯವರು ಅಡುಗೆಮನೆ ನೋಡಿ ಪರ್ಮಿಟ್ ಕೊಡಬೇಕು" ಅಂದಿದ್ದರು. ಆ ಪರ್ಮಿಟ್ಟಿಗಾಗಿ ಅವಳು ಅಡುಗೆಮನೆಯನ್ನು ಆಪರೇಷನ್ ಥಿಯೇಟರ್ ಮಾಡಿಬಿಟ್ಟಿದ್ದಳು. ಹಿಟ್ಟು, ಸಕ್ಕರೆ, ಕೋಕೋ ಎಲ್ಲವೂ ರಬ್ಬರ್ ಬಿಗಿದ ಗಾಜಿನ ಜಾಡಿಯೊಳಗೆ. ನೆಲದಲ್ಲಿ ಮುಖ ಕಾಣುತ್ತಿತ್ತು. ನಾನು ಕಂಡದ್ದು ನನ್ನದೇ ಮುಖವಾದ್ದರಿಂದ ಹೆಚ್ಚು ಹೊತ್ತು ನೋಡಲಿಲ್ಲ.

ಇನ್ಸ್‌ಪೆಕ್ಟರ್ ಬರುವ ದಿನ ಬೆಳಗ್ಗೆ ಅಡುಗೆಮನೆಯಿಂದ ಚೀತ್ಕಾರ ಕೇಳಿಸಿತು. ಓಡಿದೆ. ಬಿಳಿ ಗೋಡೆಯ ಮೇಲೆ ಒಂದು ಪುಟ್ಟ ಪತಂಗ!

"ರೀ! ಇದೇನ್ರೀ ಇದು? ಹಿಟ್ಟಿನ ಹುಳಾನಾ? ಹಿಟ್ಟಿನ ಹುಳ ಕಂಡ್ರೆ ಪರ್ಮಿಟ್ ಕೊಡಲ್ಲ ಕಣ್ರೀ!"

ನಾನು ದೂರದಿಂದಲೇ ಒಂದು ಗಂಭೀರ ನೋಟ ಬೀರಿದೆ. ತಜ್ಞರಿಗೆ ಹತ್ತಿರ ಹೋಗುವ ಅಗತ್ಯವಿರುವುದಿಲ್ಲ.

"ಹುಲ್ಲು ಪತಂಗ. ಪಾರ್ಕಿಂದ ಬಂದಿದೆ. ನಿನ್ನ ಹಿಟ್ಟನ್ನ ಅದು ಮೂಸಿಯೂ ನೋಡಲ್ಲ."

"ಖಂಡಿತಾನಾ?"

"ನನ್ನ ಮೇಲೆ ಬಿಡು."

ಅವಳು ಬಟ್ಟೆ ಬೀಸಿದಳು. ಅದು ಹಾರಿ ಎಲ್ಲೋ ಮಾಯವಾಯಿತು. ಕಣ್ಣು ಒರೆಸಿಕೊಂಡು, "ಇವತ್ತೊಂದು ದಿನ, ಅವ್ರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ," ಅಂದಳು. ಈ ಮನೆಯಲ್ಲಿ ನನ್ನ ಕಾಲಿಗೆ ಬೀಳುವ ಮಾತು ಬಂದದ್ದೇ ಮೊದಲು. ಉಬ್ಬಿಹೋದೆ!

ಇನ್ಸ್‌ಪೆಕ್ಟರ್ ಮೇಡಂ ಬಂದರು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಟಾರ್ಚು, ಬಾಯಲ್ಲಿ ಒಂದೇ ಪದ: "ಹೂಂ." ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಾನು ಐದು ನಿಮಿಷದಲ್ಲಿ ಅವರ ಹೂಂಗಳನ್ನೇ ವಿಂಗಡಿಸಿಬಿಟ್ಟೆ. ಗಿಡ್ಡ ಹೂಂ ಎಂದರೆ ಸರಿಯಿದೆ. ಮೂಗಿನಿಂದ ಹೊರಟ ಉದ್ದನೆಯ ಹೂಂ ಎಂದರೆ ಇಲ್ಲೇನೋ ಇದೆ. ಸಿಂಕಿಗೆ ಗಿಡ್ಡ ಹೂಂ. ಒಲೆಗೆ ಗಿಡ್ಡ ಹೂಂ. ಜಾಡಿಗಳಿಗೆ ಗಿಡ್ಡಾತಿಗಿಡ್ಡ ಹೂಂ. ಹೆಂಡತಿಯ ಮುಖದಲ್ಲಿ ಮೆಲ್ಲಗೆ ರಕ್ತ ವಾಪಸು ಬರತೊಡಗಿತು.

ಅಷ್ಟರಲ್ಲಿ ಆ ಪತಂಗ ಎಲ್ಲಿತ್ತೋ, ಬಂದು ಮೇಡಂ ಅವರ ಬಿಳಿ ಟೋಪಿಯ ಮೇಲೆಯೇ ಕೂತಿತು!

"ಹೂಂ...ಂ...ಂ?"

"ಹುಲ್ಲು ಪತಂಗ ಮೇಡಂ," ಎಂದು ಹೆಂಡತಿ ಒಂದೇ ಉಸಿರಿನಲ್ಲಿ ಹೇಳಿದಳು. "ಎದುರಿನ ಪಾರ್ಕಿಂದ ಬರುತ್ತೆ. ಹಿಟ್ಟಿಗೆ ಏನೂ ಮಾಡಲ್ಲ."

ಮೇಡಂ ಟೋಪಿಯನ್ನು ಮೆಲ್ಲಗೆ ತೆಗೆದು ಕಟ್ಟೆಯ ಮೇಲಿಟ್ಟು ನೋಡಿದರು. ಕಿಟಕಿಯಾಚೆ ಪಾರ್ಕನ್ನು ನೋಡಿದರು. "ಹೂಂ. ಪಾರ್ಕಿದ್ದ ಮೇಲೆ ಬರುತ್ತೆ ಬಿಡಿ," ಎಂದು ಜೇಬಿನಿಂದ ಪೆನ್ನು ತೆಗೆದರು.

ಓದುಗರೇ, ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಒಬ್ಬ ತಜ್ಞ ಮನೆಯಲ್ಲಿರುವಾಗ, ಹೀಗೆ ಸಾಕ್ಷ್ಯಾಧಾರವಿಲ್ಲದೆ, ಬರೀ ಬಾಯಿಮಾತಿನ ಮೇಲೆ ಒಂದು ಪತಂಗದ ಕುಟುಂಬ ತೀರ್ಮಾನವಾಗುವುದೇ? ಶಾಸ್ತ್ರಕ್ಕೆ ಅವಮಾನ!

"ಒಂದ್ನಿಮಿಷ ಮೇಡಂ! ಪ್ರೂಫ್ ತೋರಿಸ್ತೀನಿ!" ಎಂದು ಟೋಪಿಯ ಮೇಲೆ ಗಾಜಿನ ಲೋಟ ಕವುಚಿ, ಭೂತಗನ್ನಡಿ ಹಿಡಿದು ಬಗ್ಗಿದೆ. "ನೋಡಿ, ಹುಲ್ಲು ಪತಂಗ ಆದ್ರೆ ರೆಕ್ಕೆ ಹುಲ್ಲಿನ ಬಣ್ಣಕ್ಕಿರುತ್ತೆ, ಉದ್ದಕ್ಕೆ ಬಿಳಿ ಗೆರೆ ಇರುತ್ತೆ, ಮೂತಿ... ಆಹಾ!"

"ಏನು?" ಅಂದರು ಮೇಡಂ.

"ಬಿಳಿ ಗೆರೆ ಇಲ್ಲ! ಬುಡದ ಅರ್ಧ ಮಾಸಲು, ತುದಿಯ ಅರ್ಧ ತಾಮ್ರದ ಬಣ್ಣ! ಎಂಥಾ ಸೊಗಸು! ಮೇಡಂ, ಇದು ಹುಲ್ಲು ಪತಂಗ ಅಲ್ವೇ ಅಲ್ಲ! ಅಪ್ಪಟ ಉಗ್ರಾಣದ ಪತಂಗ! ಇಷ್ಟು ದಿನ ಹುಡುಕ್ತಿದ್ದೆ, ನನ್ನ ಹತ್ರ ಒಂದೂ ಇರ್ಲಿಲ್ಲ! ಬಾರೇ, ನೀನೂ ನೋಡು!"

ಯಾರೂ ಬರಲಿಲ್ಲ. ತಲೆ ಎತ್ತಿದೆ. ಉಗ್ರಾಣದ ಪತಂಗದಲ್ಲಿ 'ಉಗ್ರ' ಎಲ್ಲಿಂದ ಬಂತೆಂದು ಹೆಂಡತಿಯ ಕಣ್ಣು ನೋಡಿದಾಗ ಗೊತ್ತಾಯಿತು. ಪತಂಗದ ಕುಟುಂಬ ಗುರುತಿಸಿದವನು ಸ್ವಂತ ಕುಟುಂಬದ ಮುಖ ಗುರುತಿಸಲು ಇಷ್ಟು ತಡಮಾಡಬಾರದಿತ್ತು.

"ಉಗ್ರಾಣದ ಪತಂಗ ಅಂದ್ರೆ," ಮೇಡಂ ಪೆನ್ನನ್ನು ಜೇಬಿಗೆ ವಾಪಸು ಸಿಕ್ಕಿಸುತ್ತಾ ಕೇಳಿದರು, "ಹಿಟ್ಟು ತಿನ್ನುತ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ಶಾಸ್ತ್ರ! "ಹಿಟ್ಟು, ಕಾಳು, ಒಣಹಣ್ಣು, ಬೀಜ... ಸತ್ತ ಹುಳಾನೂ ಬಿಡಲ್ಲ ಮೇಡಂ," ಅಂದೆ. ದನಿ ಸಣ್ಣದಾಗಿತ್ತು, ಮಾಹಿತಿ ನಿಖರವಾಗಿತ್ತು.

"ಜಾಡಿ ಎಲ್ಲಾ ಇಳಿಸಿ."

ಜಾಡಿಗಳು ಇಳಿದವು. ಹಿಟ್ಟು ಜರಡಿಯಾಯಿತು. ಸಕ್ಕರೆ ಸುರಿಯಿತು. ಕೋಕೋ ಮೇಲೆದ್ದು ನಾವೆಲ್ಲ ಒಂದೇ ಬಣ್ಣದವರಾದೆವು. ಹೆಂಡತಿ ಒಂದೊಂದೇ ಮುಚ್ಚಳ ತೆರೆಯುತ್ತಿದ್ದಳು. ಆಗ ಮಾತ್ರ, ನಿಜ ಹೇಳುತ್ತೇನೆ, ಭೂತಗನ್ನಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡೆ. ಕೊನೆಯ ಜಾಡಿಯೂ ಮುಗಿಯಿತು. ಒಂದು ಹುಳುವಿಲ್ಲ, ಒಂದು ಎಳೆ ಬಲೆಯಿಲ್ಲ.

"ಹೂಂ. ಇಲ್ಲಿಲ್ಲ," ಅಂದರು ಮೇಡಂ. "ಹಾಗಾದ್ರೆ ಇದು ಬಂದಿದ್ದೆಲ್ಲಿಂದ?"

ಆಗ ಮಹಡಿಯ ಮೆಟ್ಟಿಲಿನಿಂದ ನನ್ನ ಮಗಳ ದನಿ ಕೇಳಿಸಿತು. ಹೆತ್ತ ಮಗಳು! "ಪಪ್ಪಾ, ನಿಮ್ಮ ರೂಮಿಂದ ಇನ್ನೂ ಎರಡು ಹಾರಿ ಬಂದ್ವು ನೋಡಿ."

ಮೆರವಣಿಗೆ ಮಹಡಿ ಹತ್ತಿತು. ಮುಂದೆ ಟಾರ್ಚು, ಅದರ ಹಿಂದೆ ಹೆಂಡತಿ, ಅವಳ ಹಿಂದೆ ಮಗಳು, ಎಲ್ಲರ ಹಿಂದೆ ಕೋಕೋ ಬಳಿದ ತಜ್ಞ. ಟಾರ್ಚಿನ ಬೆಳಕು ಕೋಣೆಯೆಲ್ಲ ಸುತ್ತಿ ನನ್ನ ಮರದ ಪೆಟ್ಟಿಗೆಯ ಮೇಲೆ ನಿಂತಿತು. ಎರಡು ವಾರದಿಂದ ಅದನ್ನು ಸಂದೂಕದ ಹಿಂದೆ, ಬಿಸಿಲು ತಾಗದಂತೆ ಇಟ್ಟಿದ್ದೆ. ಗಾಜಿನ ಮೇಲೆ ಒಳಗಿನಿಂದ ಏನೋ ಮಂಜು ಕವಿದ ಹಾಗಿತ್ತು.

"ತೆಗೀರಿ."

ತೆಗೆದೆ. ಅಯ್ಯೋ! ಸೂಜಿಗಳು ಸಾಲುಸಾಲಾಗಿ ನಿಂತಿದ್ದವು. ಮುತ್ತಿನ ಅಕ್ಷರದ ಚೀಟಿಗಳು ಹಾಗೇ ಇದ್ದವು. ಪತಂಗಗಳು ಮಾತ್ರ ಇರಲಿಲ್ಲ! ಅಲ್ಲೊಂದು ರೆಕ್ಕೆಯ ಚೂರು, ಇಲ್ಲೊಂದು ಕಾಲು, ನಡುನಡುವೆ ಜೇಡನ ಬಲೆಯಂಥ ಎಳೆ, ಎಳೆಯ ಮೇಲೆ ಹೊಟ್ಟೆ ತುಂಬಿದ ಬಿಳಿ ಹುಳುಗಳ ವಿಹಾರ. ದಾಯಾದಿಗಳು ಬಂದು ದಾಯಾದಿಗಳನ್ನೇ ತಿಂದು ಮುಗಿಸಿದ್ದರು. ಮದುವೆಮನೆಯಲ್ಲಿ ನೆಂಟರೆಲ್ಲ ಎದ್ದುಹೋದ ಮೇಲೆ ಕುರ್ಚಿಗೆ ಅಂಟಿಸಿದ ಹೆಸರುಗಳಷ್ಟೇ ಉಳಿದಂತಿತ್ತು ನನ್ನ ಶಾಸ್ತ್ರ.

"ಇಲ್ಲಿಗೆ ಹೇಗ್ರೀ ಬಂತು? ಇಲ್ಲಿ ತಿನ್ನೋದೇನೂ ಇಲ್ವಲ್ಲ?" ಅಂದಳು ಹೆಂಡತಿ, ನಿಜವಾದ ಅಚ್ಚರಿಯಿಂದ.

ನಾನು ಚಾವಣಿ ನೋಡಿದೆ. ಮೇಡಂ ಸೆಳೆಖಾನೆ ನೋಡಿದರು. ಎಳೆದರು.

ಒಳಗೆ ಒಂದು ದೊಡ್ಡ ಕಾಗದದ ಪೊಟ್ಟಣ. ಅಂಜೂರ, ಗೋಡಂಬಿ, ಒಣದ್ರಾಕ್ಷಿ. ಡಾಕ್ಟರು ನನ್ನ ತೂಕ ನೋಡಿ ಸಿಹಿ, ಜಿಡ್ಡು ಎರಡಕ್ಕೂ ಬೀಗ ಹಾಕಿದ್ದರಿಂದ, ಹೆಂಡತಿ ಮೂರು ಹೊತ್ತೂ ಸೌತೆಕಾಯಿ ಹೆಚ್ಚಿ ಮುಂದಿಡುತ್ತಿದ್ದಳು. ನಾನು ಋಷಿಯ ಹಾಗೆ ತಿನ್ನುತ್ತಿದ್ದೆ. ಹುಳದ ಪೆಟ್ಟಿಗೆಗೆ ಅವಳು ಜನ್ಮದಲ್ಲಿ ಕೈಹಾಕುವುದಿಲ್ಲ ಎಂಬ ಧೈರ್ಯದ ಮೇಲೆ ನಡೆದಿತ್ತು ನನ್ನ ತಪಸ್ಸು, ಅದೂ ರಾತ್ರಿ ದೀಪ ಹಾಕದೆ! ಸಂತೆಯಲ್ಲಿ ಬಿಡಿಯಾಗಿ ಕೊಂಡ ಆ ಪೊಟ್ಟಣದಲ್ಲಿ ಗೋಡಂಬಿಯ ಜೊತೆ ಅದರ ಬಾಡಿಗೆದಾರರೂ ಬಂದಿದ್ದರು. ಕೆಳಗಿನದು ಸಾಲದೆ, ಸಂದಿಯಲ್ಲಿ ತೂರಿ, ಮೇಲಿನ ಮಹಡಿಗೂ ಊಟಕ್ಕೆ ಹೋಗಿದ್ದರು.

"ಸೌತೆಕಾಯಿ ತಿಂದೂ ತೂಕ ಏರ್ತಿದೆ, ಏನೋ ಕಾಯಿಲೆ ಇರ್ಬೇಕು ಅಂತ ನಾನು ಅಳ್ತಾ ಕೂತಿದ್ದೆ ಮೇಡಂ!" ಅಂದಳು ಹೆಂಡತಿ.

"ಹೂಂ," ಅಂದರು ಮೇಡಂ. ಇದು ನಾನು ಅದುವರೆಗೆ ವಿಂಗಡಿಸಿರದ ಹೊಸ ಬಗೆಯ ಹೂಂ. ಕೊನೆಯಲ್ಲಿ ಸ್ವಲ್ಪ ನಗು ಸೇರಿತ್ತು. ಅವರು ಪೆನ್ನು ಮತ್ತೆ ತೆಗೆದರು. "ನಿಮ್ಮ ಅಡುಗೆಮನೆಯಷ್ಟು ಶುದ್ಧವಾದ ಅಡುಗೆಮನೆ ನಾನು ಹೋಟೆಲುಗಳಲ್ಲೂ ನೋಡಿಲ್ಲಮ್ಮ. ಪರ್ಮಿಟ್ ಕೊಡ್ತೀನಿ. ಆದ್ರೆ ಒಂದು ಷರತ್ತು. ಕಾಟದ ಮೂಲ ಅಡುಗೆಮನೆಯೊಳಗೆ ಕಾಲಿಡಬಾರದು."

"ಈ ಪೆಟ್ಟಿಗೆ ಇವತ್ತೇ ಆಚೆ ಹಾಕ್ತೀನಿ ಮೇಡಂ!"

"ಪೆಟ್ಟಿಗೆಗೆ ಕಾಲಿಲ್ಲವಲ್ಲಮ್ಮ," ಅಂದರು ಮೇಡಂ, ನನ್ನನ್ನೇ ನೋಡುತ್ತಾ.

ಈಗ ಕಾಫಿ ಅಂಗಡಿಗೆ ದಿನಾ ಕೇಕು ಹೋಗುತ್ತದೆ. ಡಬ್ಬಿಯ ಮೇಲೆ ಇರುವುದು ಅವಳದೇ ಹೆಸರು. ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರುವ ತಂತಿಯ ಜಾಲರಿ ಬಂದಿದೆ. ಬೆಳಗಿನ ಹೊತ್ತು ಕೇಕಿನ ಘಮ ಎದ್ದಾಗ ನಾನು ಹೋಗಿ ಆ ಜಾಲರಿಗೆ ಮೂತಿ ಚಾಚಿ ನಿಲ್ಲುತ್ತೇನೆ. ಒಳಗಿನಿಂದ ಸೌತೆಕಾಯಿಯ ತಟ್ಟೆ ಬರುತ್ತದೆ.

ಮೊನ್ನೆ ಕೇಕು ಒಯ್ಯಲು ಬಂದ ಕಾಫಿ ಅಂಗಡಿಯಾಕೆ ಜಾಲರಿಯನ್ನು ಮುಟ್ಟಿ ನೋಡಿ ಕೇಳಿದರು, "ಒಳ್ಳೇ ಗಟ್ಟಿ ಹಾಕ್ಸಿದೀರಲ್ಲ. ಸೊಳ್ಳೆಗಾ?"

"ಇಲ್ಲ," ಅಂದಳು ಹೆಂಡತಿ ಕೇಕು ಕಟ್ಟುತ್ತಾ. "ಅದಕ್ಕಿಂತ ಸ್ವಲ್ಪ ದಪ್ಪದ್ದಕ್ಕೆ."